ಚುಕ್ಕಿ ಇಲ್ಲದ ಕಲ್ಲೇಶಪ್ಪ

ನಮ್ಮೂರಿನಲ್ಲಿ ಒಬ್ಬರ ಮನೆಗೆ ಹೋಗಬೇಕಾದರೆ ಆ ಮನೆಯ ಈಮೇಲಿನ ಅಡ್ರೆಸ್ ಬುಕ್ಕಿನಲ್ಲಿ ನಮ್ಮ ಹೆಸರಿರಬೇಕು. ಇಲ್ಲದಿದ್ದರೆ ಮನೆ ಸಿಗುವುದಿಲ್ಲ. ಬೀದಿಯೇನೋ ಸರಿಯಾಗಿಯೇ ಇರುತ್ತದೆ. ಹಿಟ್ಟಿನ ಗಿರಣಿ ಇರುತ್ತದೆ, ಹುಣಸೆಮರ ಇರುತ್ತದೆ, ಮನೆ ಮಾತ್ರ ಇರುವುದಿಲ್ಲ. ಅದರ ಆಚೆ ಮನೆಯೂ ಈಚೆ ಮನೆಯೂ ಒಂದಕ್ಕೊಂದು ಅಂಟಿಕೊಂಡು ಏನೂ ಆಗಿಲ್ಲವೆಂಬಂತೆ ನಿಂತಿರುತ್ತವೆ. ಅಂಗಡಿ, ಆಸ್ಪತ್ರೆ, ಕಚೇರಿಗಳಿಗೆ ಈ ತೊಂದರೆಯಿಲ್ಲ. ಮನೆಗಳಿಗೆ ಮಾತ್ರ. ಹೀಗಾಗಿ ನಮ್ಮ ಜನ ಬುಕ್ಕನ್ನು ಅಡುಗೆಮನೆಗಿಂತ ಚೊಕ್ಕಟವಾಗಿ ಇಟ್ಟುಕೊಳ್ಳುತ್ತಾರೆ. ಮದುವೆಯಾಗಿ ಬಂದ ಸೊಸೆ ಸೇರು ಒದ್ದು ಒಳಗೆ ಬರುವ ಮೊದಲು ಅತ್ತೆ ಅವಳ ಹೆಸರು ಟೈಪ್ ಮಾಡಿ ಸೇವ್ ಒತ್ತಬೇಕು. ಒಂದು ಮನೆಯಲ್ಲಿ ಆ ಹೊತ್ತಿಗೇ ಕರೆಂಟು ಹೋಗಿ, ಮದುಮಗಳು ಆರತಿ ತಟ್ಟೆ ಹಿಡಿದವರನ್ನು ಹುಡುಕುತ್ತ ಮೂರು ಬೀದಿ ಸುತ್ತಿದ್ದಳು. ಜಗಳ ಬಂದರೆ ಇಲ್ಲಿ ಯಾರೂ ಕೈ ಎತ್ತುವುದಿಲ್ಲ, "ಡಿಲೀಟ್ ಮಾಡ್ಬಿಡ್ತೀನಿ, ಹುಷಾರ್" ಅನ್ನುತ್ತಾರೆ, ಅಷ್ಟಕ್ಕೇ ಎದುರಿನವರ ದನಿ ಇಳಿಯುತ್ತದೆ.

ಇನ್ನೊಂದು ಪದ್ಧತಿಯಿದೆ. ಯಾರನ್ನಾದರೂ ಹೊಸದಾಗಿ ಬುಕ್ಕಿಗೆ ಸೇರಿಸಿದರೆ ಅವರಿಗೆ ತಾನಾಗಿಯೇ ಒಂದು ಮೇಲ್ ಹೋಗುತ್ತದೆ: ನಿಮ್ಮನ್ನು ಇಂಥವರು ಎಂದು ಸೇರಿಸಿಕೊಳ್ಳಲಾಗಿದೆ, ಬನ್ನಿ. ಅದು ಬಂದ ದಿನವೇ ಒಂದು ಚಿಪ್ಪು ಬಾಳೆಹಣ್ಣು ಹಿಡಿದುಕೊಂಡು ಹೋಗಿಬರುವುದು ಮರ್ಯಾದೆ. ದಾರಿ ಹುಡುಕುವ ಕಷ್ಟವಿಲ್ಲ, ಕಾಲಿಗೇ ಗೊತ್ತಾಗುತ್ತದೆ.

ನಾನು ಎಮ್. ಕಲ್ಲೇಶಪ್ಪ. ಬಸ್ ನಿಲ್ದಾಣದ ಎದುರಿಗೆ ನನ್ನ ಕನ್ನಡಕದ ಅಂಗಡಿ. ಹೆಂಡತಿ ಚಂದ್ರಕಲಾ, ಮಗಳು ತೇಜಸ್ವಿನಿ. ತೇಜು ಸರ್ವೇ ಕಚೇರಿಯಲ್ಲಿ ಕೆಲಸ ಮಾಡುತ್ತಾಳೆ. ಊರಿನ ನಕ್ಷೆ ಬರೆಯುವುದು ಅವಳ ಕೆಲಸ, ಅದು ಎಂದಿಗೂ ಮುಗಿಯುವ ಲಕ್ಷಣವಿಲ್ಲ, ಏಕೆಂದರೆ ಅರ್ಧ ಊರಿನ ಬುಕ್ಕಿನಲ್ಲಿ ಅವಳಿಲ್ಲ. ಕೆಲಸ ಖಾಯಂ ಅನ್ನುವುದೇ ನಮಗೆ ಸಮಾಧಾನ.

ಅವಳನ್ನು ನೋಡಲು ಗಂಡಿನ ಕಡೆಯವರು ಬರುವ ದಿನ ಗೊತ್ತಾಯಿತು. ಐಸ್ ಫ್ಯಾಕ್ಟರಿ ಓಂಕಾರಪ್ಪನವರು, ಅವರ ಹೆಂಡತಿ ಸರ್ವಮಂಗಳಮ್ಮ, ಮಗ ಚೇತನ. ಹುಡುಗ ತಂದೆಯ ಜೊತೆ ಫ್ಯಾಕ್ಟರಿ ನೋಡಿಕೊಳ್ಳುತ್ತಾನೆ, ಒಳ್ಳೆಯವನು ಎಂದು ಎಲ್ಲರೂ ಹೇಳಿದ್ದರು. ತಂದೆಯ ಬಗ್ಗೆ ಮಾತ್ರ ಎಲ್ಲರೂ ಸ್ವಲ್ಪ ತಡೆದು ಹೇಳಿದ್ದರು. ಓಂಕಾರಪ್ಪನವರಿಗೆ ಪದ್ಧತಿ ಅಂದರೆ ಪ್ರಾಣ. ಹಿಂದೆ ಒಂದು ಸಂಬಂಧ ಎಲ್ಲಾ ಕೂಡಿಬಂದಿದ್ದಾಗ, ಹೆಣ್ಣಿನ ಮನೆಯವರು ಬುಕ್ಕಿನಲ್ಲಿ ತಮ್ಮನ್ನು ಬರೀ 'ಐಸ್ ಓಂಕಾರಪ್ಪ' ಎಂದು ಹಾಕಿಕೊಂಡಿದ್ದಾರೆ, 'ನವರು' ಇಲ್ಲ ಎಂದು, ಕೈಯಲ್ಲಿದ್ದ ಕಾಫಿ ಲೋಟವನ್ನು ಹಾಗೇ ಕೆಳಗಿಟ್ಟು ಎದ್ದು ಬಂದಿದ್ದರಂತೆ.

ಇದನ್ನು ಕೇಳಿದ್ದ ಚಂದ್ರಕಲಾ ಅವರು ಬರುವ ದಿನ ಬೆಳಿಗ್ಗೆ ಮೂವರನ್ನೂ ಗೌರವದ ಹೆಸರಿನಲ್ಲಿ ಸೇರಿಸಿ, ಬುಕ್ ತೊಳೆಯಲು ಕೂತಳು. ಹಾಲಿನ ಮೂಲೆಯ ಕಂಪ್ಯೂಟರಿನಲ್ಲಿ ಮಾತ್ರ ನಮ್ಮ ಬುಕ್ ತೆರೆಯುತ್ತದೆ. ಅದರಲ್ಲಿ ಏನಿತ್ತು ಏನಿರಲಿಲ್ಲ! ಗ್ಯಾಸ್ ತರುವವನು ನಾಲ್ಕು ಸಲ ಇದ್ದ, ನಾಲ್ಕು ಸಲವೂ ಬೇರೆ ಬೇರೆ ಬೈಗುಳದ ಹೆಸರಿನಲ್ಲಿ. ಎಲ್ಲೈಸಿ ಏಜೆಂಟರು, ಕುಕ್ಕರ್ ರಿಪೇರಿಯವನು, ಯಾವುದೋ ಕಾಲದಲ್ಲಿ ತೇಜುವಿಗೆ ವೀಣೆ ಕಲಿಸಲು ಬಂದು ಎರಡನೇ ದಿನವೇ ಕೈಮುಗಿದು ಹೋದ ಮೇಡಂ. "ಅವರು ಕೂತು ಮಾತಾಡ್ತಿರೋವಾಗ ಯಾವನಾದ್ರೂ ಪಾಲಿಸಿ ಮಾಡ್ಸಿ ಅಂತ ಬಂದ್ರೆ ನನ್ ಮಾನ ಹೋಗುತ್ತೆ" ಎಂದು ಚಂದ್ರಕಲಾ ಒಬ್ಬೊಬ್ಬರನ್ನೇ ತೆಗೆಯುತ್ತ ಹೋದಳು. ಅದರಲ್ಲಿ ನಾನು ಮೂರು ಕಡೆ ಇದ್ದೆ. 'ಕಲ್ಲೇಶ್' ಎಂದು ಒಂದು, 'ತೇಜು ಅಪ್ಪ' ಎಂದು ಒಂದು, 'ಮನೆಯವರು' ಎಂದು ಒಂದು. ಒಬ್ಬ ಮನುಷ್ಯನಿಗೆ ಮೂರು ಯಾಕೆ ಎಂದು ಚಂದ್ರಕಲಾ ಒಂದನ್ನು ತೆಗೆದಳು. ಅವಳು ಸ್ನಾನಕ್ಕೆ ಹೋದಾಗ ತೇಜು ಬಂದು, ಅಪ್ಪ ಎರಡು ಸಲ ಯಾಕಿದಾರೆ ಎಂದು ಒಂದನ್ನು ತೆಗೆದಳು. ಆಮೇಲೆ ನಾನು ಕನ್ನಡಕ ಹಾಕಿಕೊಳ್ಳದೆ ಹೋಗಿ ನೋಡಿದೆ. 'ಮನೆಯವರು' ಎಂದಿತ್ತು. ಯಾವ ಮನೆಯವರೋ, ಹೆಸರಿಲ್ಲ ದೆಸೆಯಿಲ್ಲ ಎಂದು ಅದನ್ನು ನಾನೇ ತೆಗೆದೆ. ಕೊನೆಗೆ ಚಂದ್ರಕಲಾ ತಲೆಗೆ ಟವೆಲ್ ಸುತ್ತಿಕೊಂಡು ಬಂದು, ತೆಗೆದ ಹೆಸರುಗಳಿದ್ದ ಕಂಪ್ಯೂಟರಿನ ಕಸದ ಬುಟ್ಟಿಯನ್ನೂ ಖಾಲಿ ಮಾಡಿದಳು. ಅವಳಿಗೆ ಕಸ ಉಳಿದರೆ ಆಗುವುದಿಲ್ಲ.

ಒಳಗೆ ಇರುವಷ್ಟು ಹೊತ್ತು ಏನೂ ಗೊತ್ತಾಗಲಿಲ್ಲ. ಕೇಸರಿಬಾತಿಗೆ ಚಿರೋಟಿ ರವೆ ಸಾಲದು ಎಂದು ನನ್ನನ್ನು ಅಂಗಡಿಗೆ ಓಡಿಸಿದರು. ರವೆ ತೆಗೆದುಕೊಂಡು ವಾಪಸ್ಸು ಬಂದೆ. ಗಿರಣಿ ಬಂತು, ಹುಣಸೆಮರ ಬಂತು, ಟೈಲರ್ ಹಾಲಪ್ಪನ ಮನೆ ಬಂತು, ಅದಾದ ಮೇಲೆ ಬೀದಿಯೇ ಮುಗಿದುಹೋಯಿತು. ಏನೋ ಯೋಚನೆಯಲ್ಲಿ ಮುಂದೆ ಬಂದೆನೇನೋ ಎಂದು ಹಿಂದೆ ಹೋದೆ. ಹಾಲಪ್ಪನ ಮನೆ, ಹುಣಸೆಮರ, ಗಿರಣಿ. ಗಿರಣಿಯವನು, "ಏನ್ ಸಾರ್, ವಾಕಿಂಗಾ?" ಅಂದ. ಮೂರನೇ ಸುತ್ತಿಗೆ ಅವನೇ ಹೊರಗೆ ಬಂದು ನನ್ನ ಮುಖ ನೋಡಿ, "ಅಯ್ಯೋ ಪಾಪ, ತೆಗೆದ್ರಾ?" ಅಂದ. ನಮ್ಮೂರಿನಲ್ಲಿ ಆ ದನಿಯಲ್ಲಿ ಸತ್ತವರ ಸುದ್ದಿಯನ್ನೂ ಕೇಳುವುದಿಲ್ಲ.

ಫೋನ್ ಮಾಡಿದೆ. "ಎಲ್ಲಿ ಸತ್ರಿ? ಅವರು ಬರೋ ಹೊತ್ತಾಯ್ತು" ಅಂದಳು ಚಂದ್ರಕಲಾ.

"ನಾನು ಬೀದಿಯಲ್ಲೇ ಇದೀನಿ. ಮನೆ ಇಲ್ಲ ಕಣೇ."

ಆ ಕಡೆ ಕಂಪ್ಯೂಟರಿನತ್ತ ಓಡಿದ ಚಪ್ಪಲಿ ಸದ್ದು, ಆಮೇಲೆ "ತೇಜೂ!" ಎಂಬ ಕೂಗು. ತೇಜು ಹೊರಗೆ ಓಡಿಬಂದಳು. ಎಲ್ಲಿಂದ ಬಂದಳೋ ಕಾಣಲಿಲ್ಲ, ಹಾಲಪ್ಪನ ಗೋಡೆಯೊಳಗಿಂದ ಬಂದ ಹಾಗಿತ್ತು. "ಬಾಪ್ಪ" ಎಂದು ನನ್ನ ಕೈ ಹಿಡಿದು ಎಳೆದಳು. ಇದು ಆಗದ ಕೆಲಸ ಎಂದು ಊರಿಗೆಲ್ಲ ಗೊತ್ತು, ಆದರೂ ತಮ್ಮ ಸರದಿ ಬಂದಾಗ ಎಲ್ಲರೂ ಒಮ್ಮೆ ಎಳೆದು ನೋಡುತ್ತಾರೆ. ಅವಳು ಮನೆ ಸೇರಿದಳು, ನಾನು ರವೆ ಪೊಟ್ಟಣದ ಜೊತೆ ಗಿರಣಿಯ ಮುಂದೆ ನಿಂತಿದ್ದೆ.

ಫೋನ್ ಮತ್ತೆ ಬಂತು. "ನಿಮ್ ಈಮೇಲ್ ಅಡ್ರೆಸ್ ಹೇಳಿ, ಬೇಗ."

ಈಮೇಲ್ ಅಡ್ರೆಸ್ ಯಾರಿಗೆ ನೆನಪಿರುತ್ತದೆ? ಮನೆಗೆ ಹೋಗಿಬರಲು ಇರಲಿ ಎಂದು ಹಿಂದೆ ಯಾರೋ ಮಾಡಿಕೊಟ್ಟದ್ದು, ಫೋನಿನಲ್ಲಿ ಅದನ್ನು ಎಲ್ಲಿ ನೋಡಬೇಕೆಂದೂ ನನಗೆ ತಿಳಿಯದು. "ಎಮ್ ಕಲ್ಲೇಶಪ್ಪ" ಅಂದೆ.

"ಎಮ್ ಆದ್ಮೇಲೆ ಚುಕ್ಕಿ ಇದೆಯಾ?"

"ಚುಕ್ಕಿಗಿಕ್ಕಿ ಏನೂ ಇಲ್ಲ. ಹೊಡಿ."

"ಸರಿಯಾಗಿ ಯೋಚ್ನೆ ಮಾಡಿ ಹೇಳ್ರೀ."

"ದಿನಾ ನೂರು ಜನಕ್ಕೆ ಅಕ್ಷರ ಓದ್ಸೋನು ನಾನು. ನನ್ ಹೆಸ್ರು ನಂಗೊತ್ತಿಲ್ವಾ? ಹೊಡಿ ಅಂದ್ರೆ."

"ಏನಂತ ಹಾಕ್ಲಿ?"

"ಮನೆಯವರು ಅಂತ ಹಾಕು, ಮೊದಲು ಇದ್ದ ಹಾಗೆ."

ಅವಳು ಹೊಡೆದಳು. ನಾನು ಬೀದಿಯ ಕಡೆ ಎರಡು ಹೆಜ್ಜೆ ಹಾಕಿದೆ. ಮನೆಯಿಲ್ಲ. ನನ್ನ ಫೋನಿಗೆ ಮೇಲೂ ಬರಲಿಲ್ಲ. ಅದು ಎಲ್ಲಿಗೆ ಹೋಯಿತು ಎಂದು ಕಾಲು ಗಂಟೆಯಿಂದ ತಲೆ ಕೆರೆದುಕೊಳ್ಳುತ್ತಿರುವಾಗ ಬಿಳಿ ಕಾರೊಂದು ನನ್ನ ಪಕ್ಕದಲ್ಲಿ ಹಾದುಹೋಗಿ, ಹಾಲಪ್ಪನ ಮನೆ ದಾಟಿ, ಕಣ್ಣೆದುರಿಗೇ ಇಲ್ಲವಾಯಿತು. ಓಂಕಾರಪ್ಪನವರು ನಮ್ಮ ಮನೆ ಸೇರಿದ್ದರು. ಅದರ ಹಿಂದೆಯೇ ನನ್ನ ವಯಸ್ಸಿನ, ಇಸ್ತ್ರಿ ಮಾಡಿದ ಷರಟಿನ, ತಲೆ ನೀಟಾಗಿ ಬಾಚಿದ ಒಬ್ಬರು ಒಂದು ಚಿಪ್ಪು ಬಾಳೆಹಣ್ಣು ಹಿಡಿದುಕೊಂಡು ನಡೆದುಬಂದರು. ನನಗೆ ನಮಸ್ಕಾರ ಮಾಡಿ, ಮುಗುಳ್ನಕ್ಕು, ಅವರೂ ಇಲ್ಲವಾದರು.

ನಾನು ಹಾಲಪ್ಪನ ಮನೆಗೆ ನುಗ್ಗಿದೆ. ಅವನ ಬುಕ್ಕಿನಲ್ಲಾದರೂ ನಾನಿದ್ದೆ, ಪುಣ್ಯ. ತೇಜು ಅಮ್ಮನ ಫೋನನ್ನು ಆರಿಸದೆ ಅಡುಗೆಮನೆಯ ಕಿಟಕಿಯ ಮೇಲಿಟ್ಟಿದ್ದಳು, ಹಾಗಾಗಿ ಹಾಲಿನ ಮಾತೆಲ್ಲ ಕೇಳುತ್ತಿತ್ತು. ಹಾಲಪ್ಪನೂ ಅವನ ಹೆಂಡತಿಯೂ ಹೊಲಿಗೆ ಮಿಷನ್ನಿನ ಮೇಲೆ ನನ್ನ ಫೋನಿಟ್ಟುಕೊಂಡು ರೇಡಿಯೋ ನಾಟಕ ಕೇಳುವವರ ಹಾಗೆ ಕೂತರು.

"ನಮಸ್ಕಾರ, ನಮಸ್ಕಾರ. ಕಲ್ಲೇಶಪ್ಪನವರಲ್ವಾ?" ಇದು ಓಂಕಾರಪ್ಪನವರ ದನಿ, ಐಸ್ ಗಡ್ಡೆಯ ಮೇಲೆ ಗರಗಸ ಎಳೆದ ಹಾಗಿತ್ತು.

"ಹೌದು, ಹೌದು. ಎಮ್ ಕಲ್ಲೇಶಪ್ಪ" ಅಂದಿತು ಒಂದು ಮೃದುವಾದ ದನಿ. ಅದು ನನ್ನದಲ್ಲ.

ಬಾಳೆಹಣ್ಣಿನವರು ಸುಳ್ಳು ಹೇಳಲಿಲ್ಲ. ಅವರ ಹೆಸರೂ ಎಮ್ ಕಲ್ಲೇಶಪ್ಪನೇ. ಕಾಳಿನ ಬಜಾರಿನ ಹಿಂದೆ ಒಬ್ಬರೇ ಇರುವವರು, ಒಂದು ಗೋದಾಮಿನಲ್ಲಿ ಲೆಕ್ಕ ಬರೆದು ನಿವೃತ್ತರಾದವರು. ಇದೆಲ್ಲ ನಮಗೆ ಆಮೇಲೆ ತಿಳಿದದ್ದು. ಆಗ ಮಾತ್ರ ಚಂದ್ರಕಲಾ ಬಾಗಿಲಲ್ಲಿ ಬಾಯಿ ತೆರೆದು ನಿಂತಿದ್ದಳಂತೆ. ನಿಜ ಹೇಳುವ ಹಾಗಿಲ್ಲ. ಹೆಣ್ಣು ನೋಡುವ ದಿನವೇ ಮನೆಯ ಯಜಮಾನನನ್ನು ಡಿಲೀಟ್ ಮಾಡಿ, ಕಸದ ಬುಟ್ಟಿಯನ್ನೂ ಖಾಲಿ ಮಾಡಿದ ಮನೆಗೆ ಓಂಕಾರಪ್ಪನವರು ಮಗನನ್ನು ಕೊಟ್ಟಾರೆಯೇ? ಅವಳು, "ಬನ್ನಿ, ಕೂತ್ಕೊಳ್ಳಿ, ಎಲ್ಲರೂ ಕೂತ್ಕೊಳ್ಳಿ" ಅಂದುಬಿಟ್ಟಳು.

ಬಾಳೆಹಣ್ಣಿನವರು ಕೂತರು. ಕೂತು, ನನಗಿಂತ ಚೆನ್ನಾಗಿ ಮಾತಾಡಿದರು. ಓಂಕಾರಪ್ಪನವರು ಐಸಿನ ಧಂದೆಯ ಕಷ್ಟ ಹೇಳಿದರೆ, "ಕರಗೋ ಸಾಮಾನಿನ ವ್ಯಾಪಾರಕ್ಕೆ ಗಟ್ಟಿ ಮನಸ್ಸು ಬೇಕು" ಅಂದರು. ಸರ್ವಮಂಗಳಮ್ಮ ಮಂಡಿನೋವು ಅಂದರೆ ಯಾವ ಎಣ್ಣೆ ಹಚ್ಚಬೇಕೆಂದು ಹೇಳಿದರು. ಗೋದಾಮಿನ ಇಲಿಯೊಂದು ಮ್ಯಾನೇಜರರ ಕನ್ನಡಕ ಹೊತ್ತುಕೊಂಡು ಹೋದ ಕಥೆ ಹೇಳಿದಾಗ ಎಲ್ಲರೂ ನಕ್ಕರು. ಅದರಲ್ಲಿ ನನ್ನ ಹೆಂಡತಿಯ ನಗು ಬೇರೆಯಾಗಿ ಕೇಳಿಸಿತು. ಕನ್ನಡಕದ ಬಗ್ಗೆ ನಾನು ಎಷ್ಟು ತಮಾಷೆ ಹೇಳಿದ್ದೇನೆ, ಒಂದಕ್ಕೂ ಅವಳು ಹಾಗೆ ನಕ್ಕವಳಲ್ಲ.

"ಒಳ್ಳೆ ಮನುಷ್ಯ" ಅಂದ ಹಾಲಪ್ಪ.

"ಸುಮ್ನಿರಯ್ಯ. ನಿನ್ ಬುಕ್ ತೆಗಿ, ನನ್ ಅಡ್ರೆಸ್ ಸರಿಯಾಗಿ ನೋಡ್ಬೇಕು."

ಹಾಲಪ್ಪ ಬುಕ್ ತೆಗೆದ. ಕ ಅಕ್ಷರದಲ್ಲೆಲ್ಲ ಹುಡುಕಿದರೂ ನಾನಿರಲಿಲ್ಲ. "ಅಲ್ಲಿ ಬೇಡ, ಅಲ್ಲಿ ಬೇಡ" ಎಂದು ಅವನು ಮುಜುಗರದಿಂದ ಕೆಳಗೆ ಸರಿಸುತ್ತ ಹೋದ. ಕೊನೆಗೆ ಸಿಕ್ಕಿತು: 'ನನ್ ಕತ್ತರಿ ವಾಪಸ್ ಕೊಡದವನು'. ನಾನು ಅವನ ಮುಖ ನೋಡಿದೆ. ಅವನು ಸೀಲಿಂಗ್ ಫ್ಯಾನ್ ನೋಡಿದ. ಹೆಸರು ಏನಾದರೂ ಇರಲಿ, ಅದರ ಕೆಳಗೆ ಅಡ್ರೆಸ್ ಇತ್ತು. ಎಮ್, ಚುಕ್ಕಿ, ಕಲ್ಲೇಶಪ್ಪ. ಸಾಸಿವೆಯಷ್ಟು ಚುಕ್ಕಿ. ಇಬ್ಬರು ಮನುಷ್ಯರ ನಡುವೆ ಇದ್ದದ್ದು ಅಷ್ಟೇ.

"ತೇಜೂ! ಚುಕ್ಕಿ ಇದೆ!" ಎಂದು ಫೋನಿನೊಳಗೆ ಕೂಗಿದೆ. ಕಿಟಕಿಯ ಮೇಲಿನ ಫೋನು ಅಷ್ಟು ಜೋರಾಗಿ ಒದರಿತೆಂದು ಕಾಣುತ್ತದೆ, ಹಾಲಿನಲ್ಲಿ ಸರ್ವಮಂಗಳಮ್ಮ "ಏನದು?" ಅಂದರು. "ಹಕ್ಕಿ" ಅಂದಳು ತೇಜು.

ಆದರೆ ಕಂಪ್ಯೂಟರ್ ಇದ್ದದ್ದು ಹಾಲಿನಲ್ಲಿ, ಅದರ ಪಕ್ಕದ ಸೋಫಾದಲ್ಲೇ ಓಂಕಾರಪ್ಪನವರು. ತೇಜು ಏನು ಮಾಡಿದಳು ಎಂಬುದನ್ನು ಆಮೇಲೆ ಅವಳ ಬಾಯಿಂದಲೇ ಕೇಳಿದ್ದು. ಹುಡುಗ ಹುಡುಗಿ ಎರಡು ಮಾತಾಡಿಕೊಳ್ಳಲಿ ಎಂದು ಹಿರಿಯರು ಹೇಳುವ ಹೊತ್ತು ಬಂದಿತು. ಎಲ್ಲರ ಮನೆಯಲ್ಲೂ ಮಾಳಿಗೆಗೆ ಹೋಗುತ್ತಾರೆ. ತೇಜು, "ಮಾಳಿಗೆ ಮೇಲೆ ಬಿಸಿಲು, ಇಲ್ಲೇ ಕಂಪ್ಯೂಟರ್ ಹತ್ರ ಕೂತ್ಕೋತೀವಿ, ಊರಿನ ನಕ್ಷೆ ತೋರಿಸ್ತೀನಿ" ಅಂದಳು. ಇಬ್ಬರೂ ಬೆನ್ನು ಹಾಕಿ ಕೂತರು.

"ನಮ್ಮಪ್ಪ ಹೊರಗಡೆ ಇದಾರೆ" ಅಂದಳು ಪಿಸುದನಿಯಲ್ಲಿ.

ಚೇತನ ಹಿಂದೆ ತಿರುಗಲಿಲ್ಲ. "ಹಾಗಾದ್ರೆ ಇಲ್ಲಿ ಕೂತಿರೋರು?"

"ಗೊತ್ತಿಲ್ಲ."

ಅವನು ಕೀಬೋರ್ಡನ್ನು ತನ್ನ ಕಡೆ ಎಳೆದುಕೊಂಡ. ಆಮೇಲೆ, "ಮೆಲ್ಲಗೆ ಅಡ್ರೆಸ್ ಹೇಳಿ. ನಾನು ಹೊಡೀತೀನಿ, ನೀವು ಆ ಕಡೆ ಕೈ ತೋರಿಸ್ತಾ ಕೆರೆ, ಗುಡ್ಡ ಅಂತ ಏನಾದ್ರೂ ಹೇಳ್ತಾ ಇರಿ" ಅಂದ. ತೇಜು ಜೋರಾಗಿ "ಇದು ಕೆರೆ" ಅಂದು, ಮೆಲ್ಲಗೆ "ಎಮ್ ಚುಕ್ಕಿ" ಅಂದಳು. ಅವನು ಹೊಡೆದ. 'ಮನೆಯವರು' ಎಂದು ಹಾಕಿದಾಗ ಕಂಪ್ಯೂಟರ್ ಕೇಳಿತು: ಈ ಹೆಸರು ಈಗಾಗಲೇ ಇದೆ, ಇಬ್ಬರನ್ನೂ ಒಂದುಗೂಡಿಸಲೇ? ಅವನ ಬೆರಳು ಗಾಳಿಯಲ್ಲೇ ನಿಂತಿತು. ಹಿಂದೊಮ್ಮೆ ಮೇಲಿನ ಬೀದಿಯಲ್ಲಿ ಹೀಗೆ ಇಬ್ಬರು ನಾದಿನಿಯರನ್ನು ಒಂದುಗೂಡಿಸಿ, ಅವರು ಆ ಮನೆಗೆ ಬರುವುದಾದರೆ ಜೊತೆಯಾಗಿಯೇ, ಬಾಗಿಲಲ್ಲಿ ಸಿಕ್ಕಿಹಾಕಿಕೊಂಡೇ ಬರುವಂತಾಗಿತ್ತು. ಇಬ್ಬರಿಗೂ ಮಾತು ಬಿಟ್ಟಿತ್ತು ಬೇರೆ. "ಬೇಡ ಅನ್ನಿ, ಬೇಡ ಅನ್ನಿ" ಅಂದಳು ತೇಜು. "ಬೇರೆ ಏನಂತ ಹಾಕ್ಲಿ?" ಅವಳಿಗೆ ತಕ್ಷಣ ಹೊಳೆದದ್ದು ಒಂದೇ. "ರವೆ."

ನನ್ನ ಫೋನಿಗೆ ಮೇಲ್ ಬಂತು. 'ನಿಮ್ಮನ್ನು ರವೆ ಎಂದು ಸೇರಿಸಿಕೊಳ್ಳಲಾಗಿದೆ, ಬನ್ನಿ.' ಹೊರಗೆ ಬಂದು ನೋಡಿದರೆ ನಮ್ಮ ಮನೆ! ಹಸಿರು ಗೇಟು, ಒಣಗಿದ ತುಳಸಿ, ಕೆಟ್ಟುಹೋದ ಕರೆಗಂಟೆ. ಆ ಗೇಟಿಗೆ ಬಣ್ಣ ಹೊಡೆಸು ಎಂದು ಹೆಂಡತಿ ವರ್ಷವಿಡೀ ಹೇಳಿದಾಗ ಕಾಣದ ಚಂದ ಅವತ್ತು ಕಂಡಿತು.

ಒಳಗೆ ಕಾಲಿಟ್ಟೆ. ಎಲ್ಲರೂ ತಿರುಗಿ ನೋಡಿದರು. ನನ್ನ ಷರಟೆಲ್ಲ ಗಿರಣಿಯ ಹಿಟ್ಟು. ನನ್ನ ಕುರ್ಚಿಯಲ್ಲಿ ಕೂತಿದ್ದ ಬಾಳೆಹಣ್ಣಿನವರು ಅರ್ಧ ಎದ್ದು ನಮಸ್ಕರಿಸಿದರು. "ಯಾರಿದು?" ಅಂದರು ಓಂಕಾರಪ್ಪನವರು.

ಚಂದ್ರಕಲಾ ನನ್ನನ್ನು ನೋಡಿದಳು, ಕೈಯಲ್ಲಿದ್ದ ಪೊಟ್ಟಣ ನೋಡಿದಳು. "ರವೆ... ರವೆ ತಂದವರು" ಅಂದಳು.

ಸರಿ ಎಂದು ಅಡುಗೆಮನೆಗೆ ಹೋದೆ. ಇನ್ನೇನು ಮಾಡಲಿ? ಹಿಂದೆಯೇ ಬಂದ ಚಂದ್ರಕಲಾ, "ಇನ್ನೊಂದರ್ಧ ಗಂಟೆ ರೀ, ನಿಮ್ ಕಾಲಿಗೆ ಬೀಳ್ತೀನಿ, ಅವರು ಹೋಗೋವರೆಗೆ ತಡ್ಕೊಳ್ಳಿ" ಎಂದು ಹೇಳಿ ಓಡಿದಳು. ನಾನು ಬಾಣಲೆ ಇಟ್ಟು ತುಪ್ಪ ಹಾಕಿ ರವೆ ಹುರಿದೆ. ಸಿಟ್ಟಿನಲ್ಲಿ ಹುರಿದದ್ದಕ್ಕೋ ಏನೋ ಹದ ಸರಿಯಾಗಿ ಬಂತು. ತೇಜು ತಟ್ಟೆಗೆ ಹಾಕಿಕೊಂಡು ಹೋದಳು. ಆ ಕಡೆಯಿಂದ ಓಂಕಾರಪ್ಪನವರು, "ಭೇಷ್! ಇಂಥ ಕೇಸರಿಬಾತ್ ತಿಂದು ಎಷ್ಟು ಕಾಲ ಆಯ್ತು!" ಅಂದಾಗ ಮಾತ್ರ ಹೊಟ್ಟೆಯಲ್ಲಿ ಸ್ವಲ್ಪ ತಂಪಾಯಿತು.

ಎಲ್ಲಾ ದಾಟಿತು ಅಂದುಕೊಂಡೆ. ಆಗ ಓಂಕಾರಪ್ಪನವರು ಬಾಯಿ ಒರೆಸಿಕೊಂಡು, "ನೋಡಿ ಕಲ್ಲೇಶಪ್ಪನವರೇ, ನನಗಂತೂ ಒಪ್ಪಿಗೆ. ಹುಡುಗಿ ನಕ್ಷತ್ರ ಒಂದು ಹೇಳ್ಬಿಡಿ" ಅಂದರು.

ಬಾಳೆಹಣ್ಣಿನವರು, "ನಕ್ಷತ್ರ..." ಅಂದರು. "ಒಳ್ಳೇ ನಕ್ಷತ್ರ" ಅಂದರು. ಚಂದ್ರಕಲಾಳಿಗೆ ಗಾಬರಿಯಲ್ಲಿ ತನ್ನ ನಕ್ಷತ್ರವೇ ಮರೆತಂತಿತ್ತು, ಮಗಳದ್ದು ಎಲ್ಲಿಂದ ಬರಬೇಕು?

"ಅನೂರಾಧಾ!" ಎಂದು ನಾನು ಅಡುಗೆಮನೆಯಿಂದ ಕೂಗಿದೆ. ತಡೆಯಲಾಗಲಿಲ್ಲ. "ಅನೂರಾಧಾ, ಮೂರನೇ ಪಾದ! ಹುಟ್ಟಿದಾಗ ಎರಡೂವರೆ ಕೇಜಿ ಇದ್ಲು!"

ಓಂಕಾರಪ್ಪನವರು ನಿಧಾನವಾಗಿ ತಟ್ಟೆ ಕೆಳಗಿಟ್ಟರು. "ರವೆಯವನಿಗೆ ಹೆಂಗೆ ಗೊತ್ತು?"

ನಾನು ಸೌಟು ಹಿಡಿದುಕೊಂಡೇ ಹಾಲಿಗೆ ಬಂದೆ. ಆದರೆ ನಾನು ಬಾಯಿ ತೆರೆಯುವ ಮೊದಲೇ ಬಾಳೆಹಣ್ಣಿನವರು ಎದ್ದು ನಿಂತು ಕೈಮುಗಿದರು. "ತಪ್ಪು ನಂದು ಸ್ವಾಮಿ. ಇವರೇ ಈ ಮನೆ ಕಲ್ಲೇಶಪ್ಪನವರು ಇರ್ಬೇಕು. ನಾನು ಚುಕ್ಕಿ ಇಲ್ಲದವನು. 'ಮನೆಯವರು ಎಂದು ಸೇರಿಸಿಕೊಳ್ಳಲಾಗಿದೆ' ಅಂತ ಮೇಲ್ ಬಂತು. ಯಾರೋ ಪುಣ್ಯಾತ್ಮರು, ನಮ್ಮನೆಯವರ ಥರ ಅಂತ ಪ್ರೀತಿಯಿಂದ ಬರೆದಿದಾರೆ ಅಂದ್ಕೊಂಡೆ. ಬಂದ್ಮೇಲೆ ಎಲ್ಲರೂ ಅಷ್ಟು ಚೆನ್ನಾಗಿ ಮಾತಾಡಿಸಿದ್ರಿ, ನಡುವೆ ಎದ್ದು ಹೋಗೋಕೆ ಮನಸ್ಸು ಬರ್ಲಿಲ್ಲ."

ಓಂಕಾರಪ್ಪನವರ ಮುಖ ಕೆಂಪಾಯಿತು. "ಅಂದ್ರೆ ಈ ಮನೇಲಿ ಯಜಮಾನನ್ನೇ ಬುಕ್ಕಿಂದ ತೆಗೆದಿದ್ರಾ? ಇದೇನು ಪದ್ಧತಿ? ಏಳೋ ಚೇತನ."

ಚೇತನ ಏಳಲಿಲ್ಲ. "ಅಪ್ಪಾ, ಇವರನ್ನ ವಾಪಸ್ ಸೇರಿಸಿದ್ದು ನಾನೇ. ರವೆ ಅಂತ ಹಾಕಿದ್ದೂ ನಾನೇ" ಅಂದ.

ಓಂಕಾರಪ್ಪನವರು ಮಗನನ್ನು ನೋಡಿ, ಬೈಯಲು ಬಾಯಿ ತೆರೆದರು. ಅಷ್ಟರಲ್ಲಿ ಇಲ್ಲಿಯವರೆಗೆ ಮಂಡಿ ಒತ್ತಿಕೊಳ್ಳುತ್ತ ಕೂತಿದ್ದ ಸರ್ವಮಂಗಳಮ್ಮ ನಗತೊಡಗಿದರು. ಮೊದಲು ಸೆರಗಿನೊಳಗೆ, ಆಮೇಲೆ ಸೆರಗಿನ ಹೊರಗೆ. "ಕೂತ್ಕೊಳ್ರೀ ಸಾಕು. ಇವರು ಪಾಪ ಕೈತಪ್ಪಿ ತೆಗೆದಿದಾರೆ. ಆ ಸಲ ದೀಪಾವಳಿಗೆ ನಾನು ಬೇಕಂತಲೇ ತೆಗೆದಿದ್ದೆನಲ್ಲ, ಎರಡು ದಿನ ಫ್ಯಾಕ್ಟರೀಲಿ ಮಲಗಿದ್ರಲ್ಲ, ಗೋಣಿಚೀಲ ಹೊದ್ಕೊಂಡು, ಅದ್ಯಾವ ಪದ್ಧತಿ?"

ಓಂಕಾರಪ್ಪನವರು ಹೆಂಡತಿಯನ್ನು ನೋಡಿದರು, ಸೌಟು ಹಿಡಿದ ನನ್ನನ್ನು ನೋಡಿದರು. ಏನು ಹೊಳೆಯಿತೋ, ಹತ್ತಿರ ಬಂದು ನನ್ನ ಭುಜದ ಹಿಟ್ಟು ಕೊಡವಿದರು. "ಎಷ್ಟು ಹೊತ್ತು ಹೊರಗಿದ್ರಿ?" ಅಂದರು, ದನಿಯಲ್ಲಿದ್ದ ಗರಗಸ ಎಲ್ಲೋ ಬಿದ್ದುಹೋಗಿತ್ತು. "ಒಂದು ತಾಸು" ಅಂದೆ. "ಮೊದಲ ತಾಸೇ ಕಷ್ಟ" ಅಂದು ಕೂತು, ಇನ್ನೊಂದು ಸಲ ಕೇಸರಿಬಾತ್ ಹಾಕಿಸಿಕೊಂಡರು.

ತೇಜು ಮಾತ್ರ ಅವತ್ತೇ ಹೂಂ ಅನ್ನಲಿಲ್ಲ. ಐಸ್ ಫ್ಯಾಕ್ಟರಿಯನ್ನು ಒಮ್ಮೆ ಅಳೆದು ನೋಡಿ ಹೇಳುತ್ತೇನೆ ಅಂದಳು. ಚೇತನ ಟೇಪಿನ ಆ ತುದಿ ಹಿಡಿದುಕೊಂಡನಂತೆ. ಬಂದು ಹೂಂ ಅಂದಳು. ಮದುವೆಯಾಯಿತು, ಚೆನ್ನಾಗಿದ್ದಾರೆ.

ಚುಕ್ಕಿ ಇಲ್ಲದ ಕಲ್ಲೇಶಪ್ಪನವರನ್ನು ತೆಗೆಯುವ ಮಾತು ನಮ್ಮ ಮನೆಯಲ್ಲಿ ಯಾರೂ ಎತ್ತಲಿಲ್ಲ. ಹೆಸರು ಮಾತ್ರ ಬದಲಾಯಿಸಿ 'ತೇಜು ಚಿಕ್ಕಪ್ಪ' ಎಂದು ಹಾಕಿದೆವು, ನನ್ನ ಒತ್ತಾಯಕ್ಕೆ. ಅವರು ವಾರಕ್ಕೆರಡು ಸಲ ಬರುತ್ತಿದ್ದರು. ಒಂದು ದಿನ ಹೊರಡುವಾಗ ಬಾಗಿಲಲ್ಲಿ ನಿಂತು, "ನೀವೆಲ್ಲ ಒಮ್ಮೆ ನಮ್ಮನೆಗೆ ಬರ್ಬೇಕು. ಆದ್ರೆ ಸೇರಿಸೋದು ಹೆಂಗೆ ಅಂತ ನಂಗೆ ಗೊತ್ತಿಲ್ಲ. ಇಷ್ಟು ವರ್ಷ ಬೇಕಾಗಿರ್ಲಿಲ್ಲ" ಅಂದರು. ಅವತ್ತು ತವರಿಗೆ ಬಂದಿದ್ದ ತೇಜು ಅವರ ಫೋನ್ ತೆಗೆದುಕೊಂಡು ನೋಡಿದಳು. ಬುಕ್ಕಿನಲ್ಲಿ ದಿನಾ ಹಾಲು ಹಾಕುವ ಹಾಲಿನವರು ಬಿಟ್ಟರೆ ಯಾರೂ ಇರಲಿಲ್ಲ. ಅವಳು ಕಲಿಸಿದಳು, ಅವರು ಒಂದೊಂದೇ ಅಕ್ಷರ ಒತ್ತಿ ನಮ್ಮನ್ನೆಲ್ಲ ಸೇರಿಸಿದರು. ಏನಂತ ಹಾಕಿದರೆಂದು ತೋರಿಸಲಿಲ್ಲ, ನಾಚಿಕೊಂಡರು.

ಭಾನುವಾರ ನಾವು ಐದು ಜನ ಹೊರಟೆವು. ನಾನು, ಚಂದ್ರಕಲಾ, ತೇಜು, ಚೇತನ, ಜೊತೆಗೆ ಕರೆಯದಿದ್ದರೂ ನಾನೂ ಬರುತ್ತೇನೆ ಎಂದು ಹಟ ಮಾಡಿ ಹೇಗೋ ಆ ಬುಕ್ಕಿನಲ್ಲಿ ತಮ್ಮ ಹೆಸರು ಹಾಕಿಸಿಕೊಂಡ ಓಂಕಾರಪ್ಪನವರು. ಕಾಳಿನ ಬಜಾರಿನ ಹಿಂದೆ ನಾನು ಸಾವಿರ ಸಲ ಓಡಾಡಿದ್ದೇನೆ, ಅಲ್ಲೊಂದು ಮನೆ ಇದೆಯೆಂದೇ ಗೊತ್ತಿರಲಿಲ್ಲ. ಅವತ್ತು ಕಾಲು ತಾನಾಗಿಯೇ ತಿರುಗಿತು. ನೀಲಿ ಬಾಗಿಲು, ಒಂದು ಕೋಣೆ, ಗೋಡೆಗೆ ಕ್ಯಾಲೆಂಡರ್, ನಡುವೆ ಒಂದೇ ಒಂದು ಕುರ್ಚಿ. ಕಲ್ಲೇಶಪ್ಪನವರು ನಮ್ಮನ್ನು ಕಂಡವರೇ ಆ ಕುರ್ಚಿಯನ್ನು ಟವೆಲಿನಿಂದ ಒರೆಸಿ, ಮೊದಲು ಓಂಕಾರಪ್ಪನವರ ಮುಂದೆ ಇಟ್ಟರು. ಅವರು ಚಂದ್ರಕಲಾಳ ಕಡೆ ತಳ್ಳಿದರು. ಅವಳು ನನ್ನ ಕಡೆ, ನಾನು ಮನೆಯ ಯಜಮಾನರ ಕಡೆ. ಅವರು ಒಪ್ಪಬೇಕಲ್ಲ! ಕುರ್ಚಿ ಹೀಗೆ ಎರಡು ಸುತ್ತು ಬಂದ ಮೇಲೆ ಓಂಕಾರಪ್ಪನವರು ಪಂಚೆ ಮಡಚಿ ನೆಲದ ಮೇಲೆ ಕೂತೇಬಿಟ್ಟರು. ನಾವೆಲ್ಲ ಕೂತೆವು, ಕೊನೆಗೆ ಮನೆಯ ಯಜಮಾನರೂ ಕೂತರು. ಆರು ಜನ ಗೋಡೆಗೆ ಒರಗಿಕೊಂಡು ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು ಚಹಾ ಕುಡಿದೆವು. ಕುರ್ಚಿ ನಡುವೆ ಖಾಲಿಯಾಗಿಯೇ ಇತ್ತು. ಸ್ವಲ್ಪ ಹೊತ್ತಿನ ಮೇಲೆ ಹಾಲಿನವರು ಕ್ಯಾನ್ ಹಿಡಿದು ಒಳಗೆ ಬಂದು, ಇಷ್ಟು ಜನರನ್ನು ಕಂಡು ತಬ್ಬಿಬ್ಬಾಗಿ, ಎಲ್ಲರೂ ಕೆಳಗೆ ಕೂತಿರುವುದನ್ನು ನೋಡಿ, ತಮಗಾಗಿಯೇ ಇಟ್ಟಿದ್ದಾರೆಂದು ಆ ಕುರ್ಚಿಯ ಮೇಲೆ ಕೂತರು.